ನಾಸ್ತಿಕನ ಮಣ್ಣಿಗೆ ಬಂದ ಪಾದ್ರಿಗಳು

1891ರ ಚಳಿಗಾಲ, ಲಂಡನ್ನಲ್ಲಿ ಲಾ ಓದ್ತಿದ್ದ ಗಾಂಧಿ ಒಬ್ಬ ಪಕ್ಕಾ ನಾಸ್ತಿಕನ ಮಣ್ಣಿಗೆ ಹೋಗಿದ್ರು. ತೀರ್ಕೊಂಡಿದ್ದು ಚಾರ್ಲ್ಸ್ ಬ್ರಾಡ್ಲಾ, ಬ್ರಿಟಿಷ್ ಪಾರ್ಲಿಮೆಂಟಲ್ಲಿ ಇಂಡಿಯಾ ಪರ ಮಾತಾಡ್ತಿದ್ದ ಎಂಪಿ. ಕೆಲವು ಪಾದ್ರಿಗಳೂ ಅಂತಿಮ ಗೌರವ ಸಲ್ಲಿಸೋಕೆ ಬಂದಿದ್ರಂತೆ. ವಾಪಸ್ ಬರೋವಾಗ ಸ್ಟೇಷನ್ನಲ್ಲಿ ಟ್ರೈನಿಗೆ ಕಾಯ್ತಿದ್ರೆ, ಗುಂಪಿನಲ್ಲಿದ್ದ ಒಬ್ಬ ನಾಸ್ತಿಕ ಆ ಪಾದ್ರಿಗಳಲ್ಲಿ ಒಬ್ರನ್ನ ಹಿಡ್ಕೊಂಡ. ದೇವರಿದಾನೆ ಅಂತೀರಲ್ಲ, ಭೂಮಿ ಸುತ್ತಳತೆ ಇಷ್ಟು ಸಾವಿರ ಮೈಲಿ ಅಂತ ಒಪ್ತೀರಲ್ಲ, ಹಂಗಾದ್ರೆ ನಿಮ್ಮ ದೇವರ ಸೈಜ್ ಎಷ್ಟು, ಎಲ್ಲಿದಾನೆ ಹೇಳಿ ಅಂದ. ಪಾದ್ರಿ ಮೆಲ್ಲಗೆ, ಗೊತ್ತಾದ್ರೆ ಅವನು ನಮ್ಮಿಬ್ಬರ ಎದೆಯಲ್ಲೂ ಇದಾನೆ ಅಂದ್ರು. ಗಾಂಧಿ ಇದನ್ನ ಆತ್ಮಕಥೆಯಲ್ಲಿ ಬರೆದಿದಾರೆ, ಇದಾದ್ಮೇಲೆ ನಾಸ್ತಿಕವಾದದ ಮೇಲೆ ಇದ್ದ ಬೇಸರ ಇನ್ನೂ ಜಾಸ್ತಿ ಆಯ್ತು ಅಂತ.

ನಂಗೆ ಇದನ್ನ ಓದಿದಾಗೆಲ್ಲ ಆ ಕೆಣಕಿದವನ ಮೇಲೆ ಸಿಟ್ಟು ಬರುತ್ತೆ, ಆದ್ರೆ ಅವನಿಗಿಂತ ಹಿಂದಿನ ಐವತ್ತು ವರ್ಷ ನೋಡಿದ್ರೆ ಅವನ ಹೊಟ್ಟೆಯುರಿ ಎಲ್ಲಿಂದ ಬಂತು ಅನ್ನೋದೂ ಗೊತ್ತಾಗುತ್ತೆ. 1842ರಲ್ಲಿ ಜಾರ್ಜ್ ಹೋಲಿಯೋಕ್ ಅನ್ನೋ ಮಾಸ್ತರು ಚೆಲ್ಟನ್ಹ್ಯಾಮ್ ಊರಲ್ಲಿ ಭಾಷಣ ಮಾಡ್ತಿದ್ರು. ಕೇಳೋಕೆ ಬಂದವರಲ್ಲಿ ಯಾರೋ ದೇವರ ಬಗ್ಗೆ ಪ್ರಶ್ನೆ ಹಾಕಿದ್ರು. ಜನ ಇಷ್ಟು ಬಡತನದಲ್ಲಿರೋವಾಗ ಡ್ಯೂಟಿ ಇಲ್ಲದ ಆರ್ಮಿ ಆಫೀಸರ್‌ಗಳಿಗೆ ಮಾಡ್ತಾರಲ್ಲ, ಹಂಗೆ ದೇವರಿಗೂ ಅರ್ಧ ಸಂಬಳ ಮಾಡಿ ಕೂರಿಸಬೇಕು ಅಂದ್ರು ಇವ್ರು. ಅಷ್ಟಕ್ಕೇ ಆರು ತಿಂಗಳು ಜೈಲು! ಒಳಗಿದ್ದಾಗಲೇ ಪುಟ್ಟ ಮಗಳು ತೀರ್ಕೊಂಡ್ಳು. ಮುಂದೆ ಸೆಕ್ಯುಲರಿಸಂ ಅನ್ನೋ ಪದ ಹುಟ್ಟುಹಾಕಿದ್ದೂ ಇದೇ ಮನುಷ್ಯ.

ಬ್ರಾಡ್ಲಾ ಕಥೆ ಇನ್ನೊಂಥರ. 1880ರಲ್ಲಿ ನಾರ್ಥಾಂಪ್ಟನ್‌ನಿಂದ ಗೆದ್ದು ಬಂದ್ರು, ದೇವರ ಹೆಸರಲ್ಲಿ ಬೇಡ ಬರೀ ಪ್ರಮಾಣ ಮಾಡ್ತೀನಿ ಅಂದ್ರೆ ಆಗಲ್ಲ ಅಂದ್ರು, ಸರಿ ದೇವರ ಹೆಸರಲ್ಲೇ ಮಾಡ್ತೀನಿ ಅಂದ್ರೆ ನೀನು ನಂಬಲ್ವಲ್ಲ ಅದೂ ಆಗಲ್ಲ ಅಂದ್ರು. ಒಂದು ರಾತ್ರಿ ಪಾರ್ಲಿಮೆಂಟಿನ ಗಡಿಯಾರದ ಗೋಪುರದಲ್ಲೇ ಕೂಡಿಹಾಕಿದ್ರು. ಊರವರು ಮತ್ತೆ ಮತ್ತೆ ಗೆಲ್ಲಿಸಿ ಕಳಿಸ್ತಾನೇ ಇದ್ರು, ಸೀಟು ಸಿಕ್ಕಿದ್ದು 1886ಕ್ಕೆ, ದೇವರ ಹೆಸರಿಲ್ಲದೆಯೂ ಪ್ರಮಾಣ ಮಾಡಬಹುದು ಅಂತ ಕಾನೂನು ಬದಲಾಗಿದ್ದು 1888ಕ್ಕೆ. ಅಂದ್ರೆ ಒಬ್ರ ಕೈಲಿ ಜೈಲಿನ ಬೀಗ ಇರೋ ತನಕ ಗೌರವದ ಮಾತುಕತೆ ಅನ್ನೋದಕ್ಕೆ ಅರ್ಥವೇ ಇರ್ಲಿಲ್ಲ, ನನ್ನ ಪ್ರಕಾರ ಈ ಇತಿಹಾಸದಲ್ಲಿ ಮುಖ್ಯವಾದ ತಿರುವು ಅಂದ್ರೆ ಅದೇ ಕಾನೂನು.

ಅದರ ಫಲ ಕಿವಿಗೆ ಬಿದ್ದಿದ್ದು 1948ರ ಜನವರಿ 28ಕ್ಕೆ, ಬಿಬಿಸಿ ರೇಡಿಯೋದಲ್ಲಿ. ಒಂದು ಕಡೆ ಜೆಸ್ವಿಟ್ ಅನ್ನೋ ಕ್ಯಾಥೊಲಿಕ್ ಪಂಗಡದ ಪಾದ್ರಿ ಫ್ರೆಡರಿಕ್ ಕಾಪಲ್‌ಸ್ಟನ್, ಇನ್ನೊಂದು ಕಡೆ ದೇವರನ್ನ ನಂಬದ ತತ್ವಜ್ಞಾನಿ ಬರ್ಟ್ರಂಡ್ ರಸೆಲ್. ವಾದ ಶುರು ಮಾಡೋಕೆ ಮುಂಚೆ ದೇವರು ಅಂದ್ರೆ ನಾವಿಬ್ರೂ ಏನರ್ಥದಲ್ಲಿ ಹೇಳ್ತಿದೀವಿ ಅಂತ ಇಬ್ರೂ ಒಪ್ಕೊಂಡ್ರು ನೋಡಿ, ಅದು ದೊಡ್ಡದು. ನಮ್ಮ ಟಿವಿ ಚರ್ಚೆಗಳಲ್ಲಿ ಯಾವತ್ತಾದ್ರೂ ನೋಡಿದೀರಾ? ನೀವು ದೇವರಿಲ್ಲ ಅಂತ ಸಾಧಿಸ್ತೀರಾ ಅಂತ ಪಾದ್ರಿ ಕೇಳಿದ್ರೆ, ಇಲ್ಲ, ನಾನು ಅಜ್ಞೇಯವಾದಿ, ಅಂದ್ರೆ ಇದಾನೋ ಇಲ್ವೋ ಗೊತ್ತಿಲ್ಲ ಅನ್ನೋನು ಅಂತ ರಸೆಲ್ ಪ್ರಾಮಾಣಿಕವಾಗಿ ಹೇಳಿದ್ರು. ಈ ಜಗತ್ತು ಸುಮ್ನೆ ಇದೆ ಅಷ್ಟೇ, ಅದಕ್ಕೆ ಕಾರಣ ಹುಡುಕಬೇಕಿಲ್ಲ ಅಂತ ರಸೆಲ್. ಚೆಸ್ ಬೋರ್ಡ್ ಮುಂದೆ ಕೂರೋಕೇ ಒಪ್ಪದವನಿಗೆ ಚೆಕ್‌ಮೇಟ್ ಮಾಡೋದು ಹೆಂಗೆ ಅಂತ ಕಾಪಲ್‌ಸ್ಟನ್. ಯಾರೂ ಗೆಲ್ಲಲಿಲ್ಲ, ಇವತ್ತಿಗೂ ಫಿಲಾಸಫಿ ಕ್ಲಾಸಲ್ಲಿ ಅದನ್ನ ಓದಿಸ್ತಾರೆ.

ರೋಮ್ ಕಡೆ ಸ್ವಲ್ಪ ಲೇಟು. 1965ರಲ್ಲಿ ವ್ಯಾಟಿಕನ್ ನಂಬದವರ ಜೊತೆ ಮಾತಾಡೋಕೆ ಅಂತಲೇ ಒಂದು ಕಚೇರಿ ತೆರೀತು, ವಿಯೆನ್ನಾದ ಕಾರ್ಡಿನಲ್ ಕ್ಯೋನಿಗ್ ಅದರ ಮುಖ್ಯಸ್ಥ. ಅದೇ ವರ್ಷ ಡಿಸೆಂಬರಲ್ಲಿ ಬಂದ, ಕ್ಯಾಥೊಲಿಕ್ ಬಿಷಪ್‌ಗಳ ಮಹಾಸಭೆಯ ದಾಖಲೆ, ನಾಸ್ತಿಕತೆ ಹುಟ್ಟೋದರಲ್ಲಿ ಭಕ್ತರ ಪಾಲೂ ಕಮ್ಮಿ ಇಲ್ಲ ಅಂತ ಒಪ್ಕೊಳ್ತು.

ನಮ್ಮ ಬೆಂಗಳೂರಿಗೂ ಇದರಲ್ಲೊಂದು ಪಾತ್ರ ಇದೆ. ಧರ್ಮ ಮತ್ತು ಸಮಾಜದ ಅಧ್ಯಯನಕ್ಕೆ ಅಂತ 1957ರಲ್ಲಿ ಇಲ್ಲಿ ಕ್ರೈಸ್ತರ ಸಂಸ್ಥೆಯೊಂದು ಶುರುವಾಯ್ತು, 1962ರಿಂದ 75ರ ತನಕ ಅದನ್ನ ನಡೆಸಿದ್ದು ಕೇರಳದ ಎಂ.ಎಂ. ಥಾಮಸ್. ಈ ಮನುಷ್ಯ ಯುವಕನಾಗಿದ್ದಾಗ ಪಾದ್ರಿಯಾಗ್ತೀನಿ ಅಂತ ಮಾರ್ ಥೋಮಾ ಅನ್ನೋ ಕೇರಳದ ಚರ್ಚಿಗೂ, ಮೆಂಬರ್ ಆಗ್ತೀನಿ ಅಂತ ಕಮ್ಯುನಿಸ್ಟ್ ಪಾರ್ಟಿಗೂ ಕೇಳಿದ್ರಂತೆ, ನೀನು ಮಾರ್ಕ್ಸಿಸ್ಟ್ ಅಂತ ಅವ್ರೂ ಬೇಡ ಅಂದ್ರು, ನೀನು ಕ್ರಿಶ್ಚಿಯನ್ ಅಂತ ಇವ್ರೂ ಬೇಡ ಅಂದ್ರು. ಎರಡೂ ಮನೆ ಬಾಗಿಲು ಮುಚ್ಚಿಸ್ಕೊಂಡವರು ಕಡೆಗೆ ಎರಡೂ ಮನೆಯವರನ್ನ ಮಾತಿಗೆ ಕೂರಿಸೋ ಕೆಲಸಕ್ಕೇ ಬಂದ್ರು.

ಇವೆಲ್ಲದರಲ್ಲಿ ನಂಗೆ ಅಚ್ಚುಮೆಚ್ಚು ಇಟಲಿಯದು. ಮಿಲಾನಿನ ಕಾರ್ಡಿನಲ್ ಮಾರ್ತೀನಿ 1987ರಲ್ಲೇ ನಂಬದವರನ್ನ ಕರೆದು, ನೀವು ಮಾತಾಡಿ ನಾವು ಕೇಳ್ತೀವಿ ಅಂತ ಸಭೆ ಶುರು ಮಾಡಿದ್ರು. ಆಮೇಲೆ 1995-96ರಲ್ಲಿ ಅವರಿಗೂ, ಚರ್ಚ್ ಬಿಟ್ಟು ಹೊರಬಂದಿದ್ದ ಲೇಖಕ ಉಂಬರ್ಟೊ ಎಕೊಗೂ ಪತ್ರಿಕೆಯೊಂದರಲ್ಲಿ ಪತ್ರ ವ್ಯವಹಾರ ನಡೀತು. ಎಕೊ ಮೊದಲ ಪತ್ರದಲ್ಲೇ, ನಿಮ್ಮ ಪದವಿ ಬಿಟ್ಟು ಹೆಸರು ಹಿಡಿದು ಕರೀತಿದೀನಿ, ಅಗೌರವ ಅಂತ ತಿಳ್ಕೋಬೇಡಿ ಅಂತ ಬರೆದ್ರು. ಮಾರ್ತೀನಿ ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ, ಕುಹಕ ಇಲ್ಲದೆ: ದೇವರನ್ನ ನಂಬದ ನಿಮಗೆ ಒಳ್ಳೇದು ಕೆಟ್ಟದ್ದರ ಆಧಾರ ಎಲ್ಲಿಂದ ಬರುತ್ತೆ? ಎಕೊ ಉತ್ತರ ಬರೆದ್ರು, ಎದುರಿಗೆ ಇನ್ನೊಬ್ಬ ಮನುಷ್ಯ ಬಂದು ನಿಂತ ಕ್ಷಣದಿಂದ.