45ನೇ ದಿನ ರಿಮೈಂಡರ್ ಯಾಕೆ ಹೋಗಲಿಲ್ಲ?

ಪುಣೆಯ ಭೋಸರಿ, ಚಾಕಣ ಕಡೆ ಸಣ್ಣ ಕಾರ್ಖಾನೆ ನಡೆಸುವ ನಮ್ಮ ಕನ್ನಡದವರು ಬಹಳ ಜನ ಇದ್ದಾರೆ. ಅವರ ಆಫೀಸುಗಳಿಗೆ ವರ್ಕ್‌ಫ್ಲೋ ಸಾಫ್ಟ್‌ವೇರ್, ಅಂದರೆ ಬಿಲ್, ಅಪ್ರೂವಲ್, ರಿಮೈಂಡರ್‌ಗಳನ್ನು ತಾನಾಗಿ ಮುಂದೆ ಸಾಗಿಸುವ ಸಾಫ್ಟ್‌ವೇರ್, ಹೊಂದಿಸಿಕೊಡುವುದು ನನ್ನ ಕೆಲಸ. ಮತ್ತೆ ಮತ್ತೆ ಬರುವ ದೂರು ಒಂದೇ: "ಸರ್, ಬಿಲ್ 45 ದಿನ ದಾಟಿದೆ, ಸ್ಕ್ರೀನಿನಲ್ಲಿ ಕೆಂಪಗೆ ಕಾಣ್ತಿದೆ. ಆದ್ರೆ ಮೇಲ್ ಹೋಗಲೇ ಇಲ್ಲ."

ಫಾರ್ಮುಲಾದ ಕಳೆಯುವ ಲೆಕ್ಕ ಸರಿಯಾಗಿಯೇ ಇರುತ್ತದೆ (ಯಾವ ತಾರೀಖಿನಿಂದ ಎಣಿಸಬೇಕು ಎಂಬುದನ್ನು ಆಮೇಲೆ ನೋಡೋಣ). ಇವತ್ತಿನ ತಾರೀಖಿನಿಂದ ಬಿಲ್ಲಿನ ತಾರೀಖು ಕಳೆದು, 45ಕ್ಕಿಂತ ಜಾಸ್ತಿಯೇ ಎಂದು ನೋಡಿರುತ್ತಾರೆ. ಆದರೆ ಗಿರಾಕಿಗಳ ವ್ಯವಹಾರ ನೋಡಿಕೊಳ್ಳುವ ಸೇಲ್ಸ್‌ಫೋರ್ಸ್‌ನಂಥ ಸಾಫ್ಟ್‌ವೇರ್‌ನಲ್ಲಿ ಫಾರ್ಮುಲಾ ಫೀಲ್ಡಿನ (ಫಾರ್ಮುಲಾ ಹಾಕಿದ ಖಾನೆಯ) ಉತ್ತರ ಎಲ್ಲೂ ಬರೆದಿಟ್ಟಿರುವುದಿಲ್ಲ. ಯಾರಾದರೂ ರೆಕಾರ್ಡ್ ತೆರೆದಾಗ ಆಗಿಂದಾಗ ಲೆಕ್ಕವಾಗುತ್ತದೆ. ಮೇಲ್ ಕಳಿಸುವ ರೂಲ್ ಓಡುವುದು ರೆಕಾರ್ಡ್ ಸೇವ್ ಆದಾಗ. ರಾತ್ರಿ 12ಕ್ಕೆ ತಾರೀಖು ಬದಲಾಯಿತು ಅಂತ ಯಾರೂ ಸೇವ್ ಒತ್ತುವುದಿಲ್ಲ ಅಲ್ವಾ? ಗೋಡೆಯ ಗಡಿಯಾರ ಕೇಳಿದವರಿಗೆ ಸಮಯ ಹೇಳುತ್ತದೆ, ಅಲಾರಂ ಹೊಡೆಯುವುದಿಲ್ಲ. ಇದೂ ಹಾಗೆಯೇ.

ಆದ್ದರಿಂದ ಬಿಲ್ ಎಂಟ್ರಿ ಆದಾಗಲೇ ಕೊನೆಯ ತಾರೀಖನ್ನು ಲೆಕ್ಕ ಹಾಕಿ ಮಾಮೂಲಿ ಡೇಟ್ ಫೀಲ್ಡಿನಲ್ಲಿ ಉಳಿಸಿ. ಪ್ರತಿದಿನ ಬೆಳಿಗ್ಗೆ ತಾನಾಗಿ ಓಡುವ ಶೆಡ್ಯೂಲ್ ಒಂದು ಆ ಫೀಲ್ಡನ್ನು ನೋಡಲಿ. ಇಲ್ಲಿ ಒಂದು ಮಾತು ನಾನು ಒತ್ತಿ ಹೇಳುತ್ತೇನೆ. 'ಕೊನೆಯ ತಾರೀಖು ಇವತ್ತೇ' ಎಂಬ ಷರತ್ತು ಹಾಕಬೇಡಿ. ಒಂದು ದಿನ ಶೆಡ್ಯೂಲ್ ಓಡದಿದ್ದರೆ ಆ ಬಿಲ್ ಶಾಶ್ವತವಾಗಿ ತಪ್ಪಿಹೋಗುತ್ತದೆ. 'ತಾರೀಖು ಇವತ್ತು ಅಥವಾ ಅದಕ್ಕಿಂತ ಹಿಂದೆ, ಹಣ ಬಾಕಿ, ರಿಮೈಂಡರ್ ಹೋಗಿಲ್ಲ' ಎಂದು ಬರೆಯಿರಿ. ಮೇಲ್ ಹೋದ ಮೇಲೆ ಒಂದು ಟಿಕ್ ಬೀಳಲಿ.

ಇನ್ನು ಆ 45ರ ಲೆಕ್ಕ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆ ಪ್ರಕಾರ ಸಣ್ಣ ಉದ್ದಿಮೆಗೆ ಹಣ ಕೊಡಲು ಲಿಖಿತ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ಎಣಿಕೆ ಶುರುವಾಗುವುದು ಬಿಲ್ಲಿನ ತಾರೀಖಿನಿಂದಲ್ಲ, ಮಾಲು ಒಪ್ಪಿಕೊಂಡ ದಿನದಿಂದ. ಬಹಳಷ್ಟು ಫಾರ್ಮುಲಾಗಳು ಎಡವುವುದು ಇಲ್ಲೇ. ತಡವಾದರೆ ಬಡ್ಡಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ಚಕ್ರಬಡ್ಡಿ. ಹಣ ಬರಬೇಕಾದ ಸಣ್ಣ ಕಾರ್ಖಾನೆಗೆ ಒಂದೊಂದು ದಿನವೂ ಸಂಬಳದ ದಿನ ಇದ್ದಂತೆ. ಒಪ್ಪಿಕೊಂಡ ತಾರೀಖಿಗೆ ಬೇರೆ ಫೀಲ್ಡ್ ಇಡಲೇಬೇಕು, ಕೊನೆಯ ತಾರೀಖನ್ನೂ ಅದರಿಂದಲೇ ಲೆಕ್ಕ ಹಾಕಬೇಕು.

ಕಾಯ್ದೆಯ ದಿನಗಳಿಗೆ ರಜೆಗಳನ್ನೂ ಸೇರಿಸಿಯೇ ಎಣಿಸಬೇಕು. ಆದರೆ ನಿಮ್ಮದೇ ಅಪ್ರೂವಲ್‌ಗೆ 'ಎರಡು ಕೆಲಸದ ದಿನ' ಎಂದಿದ್ದರೆ ರಜೆ ಬಿಡಬೇಕು. ನಿಮ್ಮ ಕಾರ್ಖಾನೆಗೆ ವಾರದ ರಜೆ ಗುರುವಾರ ಅಂತಿಟ್ಟುಕೊಳ್ಳಿ. ಕೆಲಸದ ದಿನ ಎಣಿಸುವ ಎಕ್ಸೆಲ್‌ನ ನೆಟ್‌ವರ್ಕ್‌ಡೇಸ್ (NETWORKDAYS) ಫಾರ್ಮುಲಾ ಮಾತ್ರ ಶನಿವಾರ, ಭಾನುವಾರವನ್ನೇ ರಜೆ ಎಂದುಕೊಳ್ಳುತ್ತದೆ. ಅದರ ಇಂಟ್ಲ್ (NETWORKDAYS.INTL) ರೂಪದಲ್ಲಿ 15 ಎಂಬ ಕೋಡ್ ಕೊಟ್ಟರೆ ಗುರುವಾರ ಒಂದೇ ರಜೆ. ಅದು ಮೊದಲ ದಿನವನ್ನೂ ಎಣಿಸುತ್ತದೆ ಎಂಬುದು ನೆನಪಿರಲಿ.

ರಾತ್ರಿ ಪಾಳಿ ಇರುವವರಿಗೆ ಇನ್ನೊಂದು ತೊಡಕು. ಸೇಲ್ಸ್‌ಫೋರ್ಸ್ ಸಮಯವನ್ನು ಗ್ರೀನ್‌ವಿಚ್ ಲೆಕ್ಕದಲ್ಲಿ ಇಡುತ್ತದೆ. ನಾವು ಐದೂವರೆ ಗಂಟೆ ಮುಂದೆ. ರಾತ್ರಿ 2 ಗಂಟೆಗೆ ಬಂದ ರಿಜೆಕ್ಷನ್ (ಮಾಲು ತಿರಸ್ಕರಿಸಿದ) ಎಂಟ್ರಿಯಿಂದ, ಸಮಯದಿಂದ ತಾರೀಖು ಮಾತ್ರ ತೆಗೆಯುವ ಡೇಟ್‌ವ್ಯಾಲ್ಯೂ (DATEVALUE) ಬಳಸಿ ತಾರೀಖು ತೆಗೆದರೆ ನಿನ್ನೆಯದು ಸಿಗುತ್ತದೆ. ಈ ಫಾರ್ಮುಲಾಗಳಲ್ಲಿ ಒಂದು ದಿನ ಎಂದರೆ 1. ಹಾಗಾಗಿ ಮೊದಲು 5.5/24 ಕೂಡಿಸಿ, ಆಮೇಲೆ ತಾರೀಖು ತೆಗೆಯಿರಿ. ನಮ್ಮಲ್ಲಿ ಬೇಸಿಗೆಗೆ ಗಡಿಯಾರ ತಿರುಗಿಸುವ ಪದ್ಧತಿ ಇಲ್ಲ, ಈ ಅಂಕೆ ವರ್ಷವಿಡೀ ನಡೆಯುತ್ತದೆ.

ಪರೀಕ್ಷೆಗೆ ಅಂತ ಸುಮ್ನೆ 45 ದಿನ ಕಾಯಬೇಡಿ. ನಿನ್ನೆಗೆ ಗಡುವು ಮುಗಿದದ್ದು ಒಂದು, ಇವತ್ತಿನದು ಒಂದು, ನಾಳೆಯದು ಒಂದು, ರಾತ್ರಿ ಹನ್ನೆರಡೂವರೆಯ ಎಂಟ್ರಿ ಒಂದು ಹಾಕಿ. ಮರುದಿನ ಬೆಳಿಗ್ಗೆ ಯಾವುದಕ್ಕೆಲ್ಲ ಮೇಲ್ ಹೋಗಿದೆ ಎಂದು ಅಕೌಂಟ್ಸ್‌ನವರ ಜೊತೆ ಕೂತು ನೋಡಿ.