ಮ್ಯಾಪ್ ಎಷ್ಟು ದೊಡ್ಡದಿರಬೇಕು?

ಓಪನ್ ವರ್ಲ್ಡ್ ಗೇಮ್, ಅಂದರೆ ಆಡುವವರು ಮನಸ್ಸು ಬಂದ ಕಡೆ ತಿರುಗಾಡಬಹುದಾದ ಗೇಮ್ ಮಾಡಲು ಹೊರಟ ಹುಡುಗರು ನನ್ನನ್ನು ಮೊದಲು ಕೇಳುವ ಪ್ರಶ್ನೆ, "ಸರ್, ಮ್ಯಾಪ್ ಎಷ್ಟು ಚದರ ಕಿಲೋಮೀಟರ್ ಇಡೋಣ?" ಮೈಸೂರಿನಲ್ಲಿ ಲೆವೆಲ್ ಡಿಸೈನ್, ಅಂದರೆ ಗೇಮಿನ ಜಾಗಗಳನ್ನು ರೂಪಿಸುವ ಕೆಲಸ ಮಾಡುವ ನಾನು ತಿರುಗಿ ಕೇಳುತ್ತೇನೆ, "ಆಡುವವರಿಗೆ ದಾರಿ ಹೇಗಪ್ಪ ಗೊತ್ತಾಗುತ್ತೆ?" ಇದಕ್ಕೆ ಉತ್ತರ ಸಿಗುವ ತನಕ ಅಳತೆಯ ಮಾತು ಬೇಡ ಅನ್ನುವುದು ನನ್ನ ಪಟ್ಟು.

1996ರಲ್ಲಿ ಬಂದ ಡ್ಯಾಗರ್‌ಫಾಲ್ ಗೇಮಿನ ನೆಲ ಸುಮಾರು 1,60,000 ಚದರ ಕಿ.ಮೀ. ನಮ್ಮ ಇಡೀ ಕರ್ನಾಟಕ 1,91,791. ಅಷ್ಟು ನೆಲವನ್ನು ಕೈಯಲ್ಲಿ ಕಟ್ಟುವುದಕ್ಕೆ ಆಗುತ್ತಾ? ಬಹುಪಾಲು ಕಂಪ್ಯೂಟರ್ ಸೂತ್ರದಿಂದಲೇ ಹುಟ್ಟಿದ್ದು. ಊರಿಂದ ಊರಿಗೆ ನಡೆದು ಹೋಗುವಷ್ಟು ತಾಳ್ಮೆ ಹೆಚ್ಚಿನವರಿಗೆ ಇರುವುದಿಲ್ಲ, ಮ್ಯಾಪ್ ತೆರೆದು ಫಾಸ್ಟ್ ಟ್ರಾವೆಲ್ (ನಡೆಯದೇ ನೇರ ಅಲ್ಲಿಗೇ ತಲುಪಿಸುವ ಸೌಲಭ್ಯ) ಒತ್ತಬೇಕು ಅಷ್ಟೇ. ಅದೇ ಎಲ್ಡರ್ ಸ್ಕ್ರೋಲ್ಸ್ ಸರಣಿಯ ಮುಂದಿನ ಮುಖ್ಯ ಗೇಮ್, 2002ರ ಮಾರೋವಿಂಡ್, 25 ಚದರ ಕಿ.ಮೀ. ಆಸುಪಾಸಿನದು. ಆದರೂ ಅದನ್ನು ಆಡಿದವರು ಇವತ್ತಿಗೂ ಅದರ ದಾರಿಗಳ ಬಗ್ಗೆ ಮಾತಾಡುತ್ತಾರೆ. ಅಲ್ಲಿ ಗುರಿ ತೋರಿಸುವ ಬಾಣ ಇರಲಿಲ್ಲ. ಸೇತುವೆ ದಾಟಿ, ಕವಲಿನಲ್ಲಿ ಬಡಗಲಿಗೆ ತಿರುಗು ಅಂತ ಯಾರೋ ಹೇಳುತ್ತಿದ್ದರು, ಅದನ್ನು ನೆನಪಿಟ್ಟುಕೊಂಡು ಹೋಗಬೇಕಿತ್ತು. ದೈತ್ಯ ಪ್ರಾಣಿಯ ಬೆನ್ನೇರಿ ದೂರ ಹೋಗಬಹುದಿತ್ತು, ಆದರೆ ಅದಕ್ಕೂ ನಮ್ಮ ಬಸ್ಸುಗಳ ಹಾಗೆ ನಿಲ್ದಾಣ ಇತ್ತು, ಗೊತ್ತಾದ ರೂಟ್ ಇತ್ತು. ಅದರ ಮುಂದಿನದು, 2006ರ ಆಬ್ಲಿವಿಯನ್‌ನಲ್ಲಿ ದಿಕ್ಸೂಚಿಯ ಮೇಲೆ ಬಾಣ ಬಂತು. ಅಲ್ಲಿಂದ ಆಡುವವರ ಕಣ್ಣು ಬೆಟ್ಟಗುಡ್ಡ ಬಿಟ್ಟು ಪರದೆಯ ಅಂಚಿಗೆ ಅಂಟಿಕೊಂಡಿತು.

ಜಿಟಿಎ ಸ್ಯಾನ್ ಆಂಡ್ರಿಯಾಸ್ (2004) ಇನ್ನೂ ಒಳ್ಳೆ ಪಾಠ. ಅದರ ಮ್ಯಾಪ್ ಸಮುದ್ರವೂ ಸೇರಿ 6 ಕಿ.ಮೀ. ಉದ್ದ, 6 ಕಿ.ಮೀ. ಅಗಲ. ಸೆಕೆಂಡಿಗೆ 6 ಮೀಟರ್ ಓಡಿದರೆ ಒಂದು ಕೊನೆಯಿಂದ ಇನ್ನೊಂದಕ್ಕೆ 17 ನಿಮಿಷ ಸಾಕು. ಅಷ್ಟರಲ್ಲೇ ಮೂರು ನಗರ, ಮರುಭೂಮಿ, ಕಾಡು ಎಲ್ಲವೂ ಇದ್ದವು. ಸುತ್ತಿ ಬಳಸಿ ಹೋಗುವ ರಸ್ತೆ, ದೂರವನ್ನು ಮುಚ್ಚುವ ಮಂಜು ಸೇರಿ ಅದನ್ನು ಒಂದು ರಾಜ್ಯದಷ್ಟು ದೊಡ್ಡದು ಮಾಡಿದ್ದವು. 2021ರಲ್ಲಿ ಹೊಸ ರೂಪದಲ್ಲಿ ಬಂದಾಗ ಆ ಮಂಜು ಇರಲಿಲ್ಲ. ಎತ್ತರಕ್ಕೆ ಹೋದರೆ ಊರುಗಳೆಲ್ಲ ಒಂದರ ಪಕ್ಕ ಒಂದು ಕಂಡವು. ಜಗತ್ತು ಇಷ್ಟೇನಾ ಅಂತ ಆಡುವವರು ಬೇಸರಪಟ್ಟರು. ಒಂದು ಮೀಟರ್ ನೆಲವೂ ಕಮ್ಮಿಯಾಗಿರಲಿಲ್ಲ, ಅಲ್ವಾ?

ಹಾಗಾಗಿ ನನ್ನ ತಂಡಕ್ಕೆ ಬರುವವರನ್ನು ಮೊದಲು ಊರು ನೋಡಲು ಕಳಿಸುತ್ತೇನೆ. ಚಾಮುಂಡಿ ಬೆಟ್ಟ ಮೈಸೂರಿಗಿಂತ ಸುಮಾರು 300 ಮೀಟರ್ ಎತ್ತರ, ಅರಮನೆಗೆ ಆಗ್ನೇಯದಲ್ಲಿದೆ. ಅದು ಕಂಡರೆ ದಿಕ್ಕು ಸಿಕ್ಕಿತು. ನಂಜನಗೂಡು ರಸ್ತೆಯಿಂದ ಅದರ ಆಕಾರ ಒಂದು ಥರ, ಲಲಿತಮಹಲ್ ಕಡೆಯಿಂದ ಇನ್ನೊಂದು ಥರ. ಇದು ತುಂಬಾ ಮುಖ್ಯ. ಹೊಸಬರು ಮ್ಯಾಪ್ ನಡುವೆ ಚೂಪಾದ ಗೋಪುರ ಇಟ್ಟು ಕೆಲಸ ಮುಗೀತು ಅಂದುಕೊಳ್ಳುತ್ತಾರೆ. ಎಲ್ಲ ಕಡೆಯಿಂದ ಒಂದೇ ಥರ ಕಾಣುವ ಗೋಪುರ ತಾನು ಎಲ್ಲಿದ್ದೇನೆ ಅಂತ ಹೇಳುತ್ತದೆ, ನೀವು ಅದರ ಯಾವ ಪಕ್ಕದಲ್ಲಿದ್ದೀರಿ ಅಂತ ಹೇಳುವುದಿಲ್ಲ.

ಮಂಡ್ಯದ ಕಬ್ಬಿನ ಗದ್ದೆಗಳದು ಬೇರೆಯದೇ ಕಷ್ಟ. ಕಬ್ಬು ಆಳೆತ್ತರ ಮೀರಿದರೆ ದೂರದ್ದು ಏನೂ ಕಾಣುವುದಿಲ್ಲ. ಅಲ್ಲಿ ದಾರಿ ಕೇಳಿ ನೋಡಿ. "ನಾಲೆ ಏರಿ ಮೇಲೇ ಹೋಗಿ, ಎರಡನೇ ತೂಬಿನ ಹತ್ರ ಎಡಕ್ಕೆ ತಿರುಗಿ, ಆಲೆಮನೆ ಸಿಗುತ್ತೆ" ಅನ್ನುತ್ತಾರೆ. ಬೆಟ್ಟ ಕಾಣದ ಕಡೆ ನಾಲೆಯೇ ದಿಕ್ಕು, ಯಾಕೆಂದರೆ ನೀರು ಹರಿಯುವುದು ಒಂದೇ ಕಡೆಗೆ. ಕಾಡಿನ ಲೆವೆಲ್‌ನಲ್ಲಿ ನಾನು ಯಾವಾಗಲೂ ಒಂದು ತೊರೆ ಇಡಿಸುವುದು ಇದಕ್ಕೇ.

2017ರ ಬ್ರೆತ್ ಆಫ್ ದಿ ವೈಲ್ಡ್ ಗೇಮಿನ ಜಪಾನಿ ತಂಡವೂ ತಮ್ಮೂರನ್ನೇ ಅಳತೆಗೋಲು ಮಾಡಿಕೊಂಡಿತ್ತು. ನಿರ್ದೇಶಕ ಹಿಡೆಮಾರೊ ಫುಜಿಬಾಯಾಶಿ ಕ್ಯೋಟೋ ನಕ್ಷೆಯನ್ನು ಗೇಮಿನ ಜಗತ್ತಿನ ಮೇಲಿಟ್ಟು ದೂರಗಳನ್ನು ಅಂದಾಜು ಮಾಡಿದ್ದರು. ಗುಡ್ಡಗಳನ್ನು ತ್ರಿಕೋನದ ಹಾಗೆ ಜೋಡಿಸಿ, ಹಿಂದೆ ಏನಿದೆ ಅನ್ನುವುದನ್ನು ಮರೆಮಾಡಿದರು. ಹತ್ತುವುದೋ ಸುತ್ತಿ ಹೋಗುವುದೋ ಆಡುವವರೇ ಯೋಚಿಸಬೇಕು. ನಮಗೆ ಜಂಬೂ ಸವಾರಿ ದಾರಿ ಇದೆಯಲ್ಲ. ಅರಮನೆಯಿಂದ ಬನ್ನಿಮಂಟಪಕ್ಕೆ ಸುಮಾರು 5 ಕಿ.ಮೀ. ಗೇಮಿನಲ್ಲಿ ಅದೇ ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಓಡಿದರೆ 14 ನಿಮಿಷ. ಅಷ್ಟು ಹೊತ್ತು ನೋಡುವಂಥದ್ದು ಏನಿಡುತ್ತೀರಿ ಅಂತ ಕೇಳಿದ ಕೂಡಲೇ ಚದರ ಕಿಲೋಮೀಟರ್ ತಾನಾಗಿ ಇಳಿಯುತ್ತದೆ.

ದೊಡ್ಡ ಮ್ಯಾಪಿಗೆ ತಾಂತ್ರಿಕ ತೊಡಕೂ ಇದೆ. ಕಂಪ್ಯೂಟರಿನ 32 ಬಿಟ್ ದಶಮಾಂಶ (ಫ್ಲೋಟಿಂಗ್ ಪಾಯಿಂಟ್) ಸಂಖ್ಯೆಯಲ್ಲಿ ಮೀಟರ್ ಲೆಕ್ಕ ಇಟ್ಟರೆ, ಮೂಲಬಿಂದುವಿನಿಂದ (ಅಳತೆ ಶುರುವಾಗುವ ಸೊನ್ನೆ ಜಾಗ) 100 ಕಿ.ಮೀ. ದೂರದಲ್ಲಿ ಸುಮಾರು 8 ಮಿ.ಮೀ.ಗಿಂತ ಸೂಕ್ಷ್ಮವಾಗಿ ಜಾಗ ಹೇಳಲು ಆಗುವುದಿಲ್ಲ. ಪಾತ್ರದ ಕೈ ನಡುಗಿದಂತೆ ಕಾಣುತ್ತದೆ. ಆಡುವವರನ್ನು ಮೂಲಬಿಂದುವಿನ ಹತ್ತಿರವೇ ಇಟ್ಟು ಜಗತ್ತನ್ನು ಸರಿಸುವುದು ಹಳೆಯ ಉಪಾಯ. ಗೇಮ್ ಕಟ್ಟಲು ಬಳಸುವ ತಂತ್ರಾಂಶ ಅನ್‌ರಿಯಲ್ ಎಂಜಿನ್ 5ರಲ್ಲಿ 64 ಬಿಟ್ ಲೆಕ್ಕವೇ ಬಂದಿದೆ.

ಬಾಣವೇ ಬೇಡ ಅಂತ ನಾನು ಹೇಳುವುದಿಲ್ಲ. ದಿನಕ್ಕೆ ಅರ್ಧ ಗಂಟೆ ಮಾತ್ರ ಬಿಡುವು ಇರುವವರಿಗೆ, ದಾರಿ ನೆನಪಿಡಲು ಕಷ್ಟ ಇರುವವರಿಗೆ ಅದು ಬೇಕು. ಆದರೆ ಸೆಟ್ಟಿಂಗ್ಸ್‌ನಲ್ಲಿ ಸುಮ್ನೆ ಒಂದು ಸ್ವಿಚ್ ಇಟ್ಟರೆ ಸಾಲದು. ಬಾಣ ಆಫ್ ಮಾಡಿದ ಮೇಲೆ ದಾರಿಯನ್ನು ಪಾತ್ರಗಳ ಮಾತೇ ಹೇಳಬೇಕು. ಆ ಸಂಭಾಷಣೆಯನ್ನು ಮೊದಲೇ ಬರೆದಿರಬೇಕು. ಘೋಸ್ಟ್ ಆಫ್ ತ್ಸುಶಿಮಾ (2020) ಬೀಸುವ ಗಾಳಿಯನ್ನೇ ದಾರಿ ತೋರಿಸಲು ಬಳಸಿತು. ಹುಲ್ಲು ಬಾಗುವ ಕಡೆ ಹೋದರಾಯಿತು, ಕಣ್ಣು ನೆಲದ ಮೇಲೇ ಇರುತ್ತದೆ.

ನಮ್ಮ ಪರೀಕ್ಷೆ ಸರಳ. ಪರದೆಯ ಮೂಲೆಯ ಪುಟ್ಟ ನಕ್ಷೆ, ಅಂದರೆ ಮಿನಿಮ್ಯಾಪ್ ತೆಗೆದು ಅರ್ಧ ಗಂಟೆ ಆಡಿಸುತ್ತೇವೆ. ಆಮೇಲೆ ಬಿಳಿ ಹಾಳೆ ಕೊಟ್ಟು ನೆನಪಿನಿಂದ ಮ್ಯಾಪ್ ಬರೆಸುತ್ತೇವೆ. ಗೆರೆ ತುಂಡಾದ ಕಡೆ ರಸ್ತೆ ಬಗ್ಗಿಸುತ್ತೇವೆ, ಇಲ್ಲವೇ ಮರದ ಜಾತಿ ಬದಲಿಸುತ್ತೇವೆ. ಎರಡು ಊರಿನ ದೂರವನ್ನು ಇರುವುದಕ್ಕಿಂತ ಜಾಸ್ತಿ ಬರೆದಿದ್ದರೆ, ಆ ಜಾಗ ದೊಡ್ಡದು ಅನ್ನಿಸಿದೆ ಅಂತ ಅರ್ಥ, ಅದನ್ನು ಮುಟ್ಟುವುದಿಲ್ಲ. ಈ ಹಾಳೆಗಳು ಸರಿಹೋಗುವ ತನಕ ಮ್ಯಾಪಿಗೆ ಹೊಸ ನೆಲ ಸೇರಿಸಲು ನಾನು ಒಪ್ಪುವುದಿಲ್ಲ.