ಶ್ಯಾಂಕ್ಸನ ತಟ್ಟು, ಹತ್ತು ಬೆರಳಿನ ಕುದುರೆ

ನಿಘಂಟಿನ ಕೆಲಸದಲ್ಲಿರುವವರಿಗೆ ಓದುಗರು ಕಳಿಸುವ ಪ್ರಶ್ನೆಗಳಲ್ಲಿ ಶ್ಯಾಂಕ್ಸ್ ಆಗಾಗ ತಲೆ ಹಾಕುತ್ತಾನೆ. ಇಂಗ್ಲಿಷಿನಲ್ಲಿ 'ಶ್ಯಾಂಕ್ಸನ ತಟ್ಟು ಏರಿ ಬಂದೆ' ಎಂದರೆ ನಡೆದುಕೊಂಡೇ ಬಂದೆ ಎಂದರ್ಥ. ಈ ಶ್ಯಾಂಕ್ಸ್ ಯಾರು? ಕೇಳುವವರು ಎಷ್ಟೋ ಸಲ ಉತ್ತರವನ್ನೂ ಜತೆಗೇ ಕಳಿಸಿರುತ್ತಾರೆ: ಸ್ಕಾಟ್ಲೆಂಡಿನ ಆರ್ಬ್ರೋತ್ ಊರಿನ ಅಲೆಕ್ಸಾಂಡರ್ ಶ್ಯಾಂಕ್ಸ್ 1842ರಲ್ಲಿ ತಟ್ಟು ಎಳೆಯುವ ಹುಲ್ಲು ಕತ್ತರಿಸುವ ಯಂತ್ರ ಮಾಡಿದ, ಮಾಲಿ ಅದರ ಹಿಂದೆ ಕಾಲೆಳೆದುಕೊಂಡು ನಡೆಯಬೇಕಿತ್ತು, ಮಾತು ಅಲ್ಲಿಂದ ಹುಟ್ಟಿತು.

ಕಥೆ ಸೊಗಸಾಗಿದೆ. ಯಂತ್ರವೂ ನಿಜ, ಶ್ಯಾಂಕ್ಸನೂ ನಿಜ. ಇಂಥ ಕಥೆಗಳು ಬಂದಾಗ ನಾವು ಮೊದಲು ನೋಡುವುದು ಇಸವಿಯನ್ನು. ಎಡಿನ್‌ಬರೋದ ಕವಿ ರಾಬರ್ಟ್ ಫರ್ಗುಸನ್ ತೀರಿಕೊಂಡದ್ದು 1774ರಲ್ಲಿ. ಅವನ ಪದ್ಯದಲ್ಲೇ ಈ ಕುದುರೆ 'ಶ್ಯಾಂಕ್ಸ್ ನೇಗ್' ಎಂಬ ಸ್ಕಾಟ್ ರೂಪದಲ್ಲಿದೆ. ಫ್ರಾನ್ಸಿಸ್ ಗ್ರೋಸನ ಬೀದಿಮಾತಿನ ನಿಘಂಟಿನ 1811ರ ಆವೃತ್ತಿ 'ಶ್ಯಾಂಕ್ಸ್ ನ್ಯಾಗಿ' ಎಂದು ದಾಖಲಿಸಿ, ಇದು ಸ್ಕಾಟರ ಮಾತು ಎಂದು ಷರಾ ಬರೆಯುತ್ತದೆ. ಯಂತ್ರ ಹುಟ್ಟುವ ಮೊದಲೇ ಮಾತು ಓಡಾಡಿಕೊಂಡಿತ್ತು. ಶ್ಯಾಂಕ್ ಎಂದರೆ ಮೊಣಕಾಲಿನಿಂದ ಕೆಳಗಿನ ಕಾಲು, ಅಷ್ಟೇ. ಉದ್ದ ಕಾಲಿನ ದೊರೆ ಒಂದನೇ ಎಡ್ವರ್ಡ್‌ನನ್ನು ಲಾಂಗ್‌ಶ್ಯಾಂಕ್ಸ್ ಎಂದು ಕರೆದದ್ದೂ ಇದೇ ಪದದಿಂದ.

ಗ್ರೋಸನ ಪುಟಗಳಲ್ಲಿ ಇನ್ನೊಂದು ಕುದುರೆಯಿದೆ, ನನಗೆ ಶ್ಯಾಂಕ್ಸನದಕ್ಕಿಂತ ಇದೇ ಹೆಚ್ಚು ಇಷ್ಟ: 'ಹತ್ತು ಬೆರಳಿನ ಬೇಯಾರ್ಡ್'. ಬೇಯಾರ್ಡ್ ಶಾರ್ಲ್‌ಮೇನ್ ಚಕ್ರವರ್ತಿಯ ಸುತ್ತ ಹೆಣೆದ ಮಧ್ಯಯುಗದ ಕಥೆಗಳ ಮಾಯಾಕುದುರೆ. ನಾಲ್ವರು ಅಣ್ಣತಮ್ಮಂದಿರನ್ನು ಒಟ್ಟಿಗೆ ಹೊತ್ತು ಓಡುವಂಥದು. ಅದರ ಹೆಸರನ್ನು ಬಡವನ ಪಾದಗಳಿಗೆ ಕಟ್ಟಿ ನಗುವುದು ಈ ಮಾತಿನ ವರಸೆ. ನಡೆಯುವವನ ಕಾಲಿಗೆ ಗೊರಸು ಅಂಟಿಸುವ ಚಾಳಿ ಇನ್ನೂ ಹಳೆಯದು. ಷೇಕ್ಸ್‌ಪಿಯರನ ಫಾಲ್‌ಸ್ಟಾಫ್ ತನ್ನ ಹಿಂಬಾಲಕರನ್ನು ಓಡಿಸುವಾಗ ಗೊರಸಿನ ಮೇಲೆ ನಡೆದು ತೊಲಗಿ ಎನ್ನುತ್ತಾನೆ.

ಬಾಡಿಗೆ ಸಾರೋಟುಗಳ ಕಾಲಕ್ಕೆ ಲಂಡನ್ನಿನವರು 'ಮ್ಯಾರೋಬೋನ್ ಸ್ಟೇಜ್' ಎಂಬ ಗಾಡಿ ಹತ್ತಿದರು. ಮ್ಯಾರಿಲೆಬೋನ್ ಅಲ್ಲಿನ ಬಡಾವಣೆ, ಮ್ಯಾರೋಬೋನ್ ಎಂದರೆ ಮಜ್ಜೆಯ ಮೂಳೆ. ಕೇಳುವವನಿಗೆ ಮ್ಯಾರಿಲೆಬೋನ್ ಗಾಡಿ, ಹೇಳುವವನಿಗೆ ಸ್ವಂತ ಕಾಲು. ಹೀಗೆ ವಾಹನ ಬದಲಾದ ಹಾಗೆ ಗೇಲಿಯೂ ಹೊಸ ಗಾಡಿ ಹಿಡಿಯುತ್ತದೆ. ಫ್ರೆಂಚರು ಎರಡು ಕಾಲನ್ನು ಎರಡು ಒಂದುಗಳಾಗಿ ನೋಡಿ ಹನ್ನೊಂದನೇ ರೈಲು ಎಂದರು. ನಮ್ಮಲ್ಲಿ ಅದು ಹನ್ನೊಂದನೇ ನಂಬರ್ ಬಸ್ ಆಯಿತು, ಜತೆಗೆ ನಟರಾಜ ಸರ್ವೀಸ್ ಬೇರೆ. ತಮಿಳರ ಬಾಯಲ್ಲಿ ನಟರಾಜ 'ನಡರಾಜ' ಆಗುವುದರಿಂದ ನಡಿಗೆಯ ಶ್ಲೇಷೆ ಅಲ್ಲಿ ಇನ್ನೂ ಸಲೀಸು.

ಇಂಗ್ಲಿಷಿನ ಈ ನಗೆಯಲ್ಲಿ ತಿರಸ್ಕಾರ ಎಷ್ಟು ಬೆರೆತಿತ್ತು ಎಂಬುದಕ್ಕೆ ಕಾರ್ಲ್ ಫಿಲಿಪ್ ಮೊರಿಟ್ಸ್ ಸಾಕ್ಷಿ. ಈ ಜರ್ಮನ್ ಬರಹಗಾರ 1782ರಲ್ಲಿ ಜೇಬಿನಲ್ಲಿ ಕವಿ ಮಿಲ್ಟನ್‌ನ ಪುಸ್ತಕ ಇಟ್ಟುಕೊಂಡು ಇಂಗ್ಲೆಂಡನ್ನು ನಡೆದು ನೋಡಲು ಹೊರಟ. ಬೇಲಿಯ ಕೆಳಗೆ ಕೂತು ಓದಿದರೆ ದಾರಿಹೋಕರು ದುರುಗುಟ್ಟಿ ನೋಡುತ್ತಿದ್ದರು. ಛತ್ರಗಳಲ್ಲಿ ಅವನನ್ನು ಭಿಕಾರಿಯಂತೆ ಕಂಡರು. ಸಭ್ಯಸ್ಥ ನಡೆಯುವುದಿಲ್ಲ, ನಡೆಯುವವನಲ್ಲಿ ಏನೋ ಐಬಿದೆ ಎಂಬುದು ಅಂದಿನ ಲೆಕ್ಕ.

ಗಾಳಿ ತಿರುಗಲು ಹೆಚ್ಚು ಕಾಲ ಬೇಕಾಗಲಿಲ್ಲ. 1790ರಲ್ಲಿ ವಿದ್ಯಾರ್ಥಿ ವರ್ಡ್ಸ್‌ವರ್ತ್ ಗೆಳೆಯನೊಬ್ಬನ ಜತೆ ಫ್ರಾನ್ಸ್ ದಾಟಿ ಆಲ್ಪ್ಸ್‌ವರೆಗೆ ನಡೆದ. 1809ರಲ್ಲಿ ಕ್ಯಾಪ್ಟನ್ ಬಾರ್ಕ್ಲೆ ಗಂಟೆಗೊಂದು ಮೈಲಿಯಂತೆ 1000 ಗಂಟೆಗಳಲ್ಲಿ 1000 ಮೈಲಿ ನಡೆದು 1000 ಗಿನಿಯ ಪಂದ್ಯ ಗೆದ್ದ. ಹಗಲಿರುಳು ಯಾವ ಗಂಟೆಯನ್ನೂ ಬಿಡದ ಹಾಗೆ, ಸುಮಾರು ಆರು ವಾರ. ನಡೆದದ್ದಾದರೂ ಎಲ್ಲಿ? ಕುದುರೆ ರೇಸಿನ ರಾಜಧಾನಿ ನ್ಯೂಮಾರ್ಕೆಟ್‌ನಲ್ಲಿ! ಇಂಥ ಪಂದ್ಯಗಳಿಗೆ ಪೆಡೆಸ್ಟ್ರಿಯನಿಸಂ ಎಂಬ ಘನವಾದ ಲ್ಯಾಟಿನ್ ಹೆಸರು ಅಂಟಿಕೊಂಡಿತು. ಆ ಹೆಸರನ್ನು ಇಂದು ಕ್ರೀಡಾ ಇತಿಹಾಸ ಬರೆಯುವವರು ಬಿಟ್ಟರೆ ಬಳಸುವವರು ಕಡಿಮೆ. ಬಸ್ ತಪ್ಪಿಸಿಕೊಂಡವನು ಮಾತ್ರ ಈಗಲೂ 'ಹೂಫ್ ಇಟ್', ಅಂದರೆ ಗೊರಸಿನ ಮೇಲೆ ನಡೆ, ಎನ್ನುತ್ತಾನೆ.